ಜಾಡಿಯ ಕೆಳಗಿನ ಅನುರಾಧಪುರ

ಬೆಳಿಗ್ಗೆ ಐದೂವರೆಗೆ ಎದ್ದು ಮೋಟರ್ ಹಾಕಿದೆ. ಟ್ಯಾಂಕ್ ತುಂಬುವಷ್ಟರಲ್ಲಿ ಅಂಗಳಕ್ಕೆ ನೀರು ಚಿಮುಕಿಸಿ, ಸಣ್ಣದೊಂದು ರಂಗೋಲಿ ಬಿಟ್ಟು, ಗೇಟಿಗೆ ಸಿಕ್ಕಿಸಿದ್ದ ಹಾಲಿನ ಪ್ಯಾಕೆಟ್ ತಂದು ಕಾಯಲಿಟ್ಟೆ. ನಮ್ಮವರಿಗೆ ಮೊದಲು ಬಿಸಿನೀರು, ಆಮೇಲೆ ಬಿ.ಪಿ. ಮಾತ್ರೆ, ಅದಾದ ಹತ್ತು ನಿಮಿಷಕ್ಕೆ ಕಾಫಿ. ಈ ಕ್ರಮ ತಪ್ಪಿದರೆ ಅವರು ಏನೂ ಅನ್ನುವುದಿಲ್ಲ, ಲೋಟವನ್ನು ಮಾತ್ರ ಸ್ವಲ್ಪ ಜೋರಾಗಿ ಇಡುತ್ತಾರೆ. ಮಧುಗಿರಿ ಬೆಟ್ಟದ ನೆತ್ತಿಗೆ ಬಿದ್ದ ಬಿಸಿಲು ಬಂಡೆಯ ಮೈಮೇಲೆ ಇಳಿದಿಳಿದು ನಮ್ಮ ಬೀದಿಗೆ ಬರುವ ಹೊತ್ತಿಗೆ ನನ್ನ ಅರ್ಧ ಕೆಲಸ ಮುಗಿದಿರುತ್ತದೆ.

ಇವತ್ತು ಹೆಚ್ಚಿನ ಕೆಲಸವೆಂದರೆ ಹುಣಸೆಹಣ್ಣು. ಕೊಡಿಗೇನಹಳ್ಳಿಯ ಹತ್ತಿರ ನಮ್ಮವರ ಪಾಲಿಗೆ ಬಂದ ಹೊಲದ ಬದುವಿನಲ್ಲಿ ಎರಡು ಮರಗಳಿವೆ. ನಿನ್ನೆ ಸಂಜೆ ಅಲ್ಲಿಂದ ಒಂದು ಚೀಲ ಬಂದಿತ್ತು. ಜಗುಲಿಯಲ್ಲಿ ಗೋಣಿ ಹಾಸಿ ಸುರಿದೆ. ಹೊಸ ಹುಣಸೆಯ ವಾಸನೆ ಬರೀ ಹುಳಿಯಲ್ಲ. ಬಿಸಿಲಲ್ಲಿ ಒಣಗಿದ ತೊಗಟೆ, ಹಳೆಯ ಬೆಲ್ಲ, ರಸ್ತೆಯ ಧೂಳು ಎಲ್ಲ ಸೇರಿದ ಹಾಗಿರುತ್ತದೆ. ಅದು ಮೂಗಿಗೆ ಹತ್ತಿದ್ದೇ, ಹೋದ ವರ್ಷದ ಜಾಡಿ ತೊಳೆದಿಡಬೇಕೆಂದು ನೆನಪಾಗಿ ಒಳಗೆ ಹೋದೆ.

ಜಾಡಿ ಉಗ್ರಾಣದ ಕೆಳಗಿನ ಹಲಗೆಯ ಮೇಲಿರುತ್ತದೆ. ಉಪ್ಪು ಹಾಕಿ ತುಂಬಿಟ್ಟ ಹುಣಸೆ ನೀರು ಬಿಟ್ಟು ಹಲಗೆ ಕೆಡುತ್ತದೆಂದು ಅಡಿಗೆ ಏನಾದರೂ ಇಡುವುದು ಅಭ್ಯಾಸ. ಎತ್ತಿ ನೋಡಿದರೆ ಅಡಿಯಲ್ಲಿದ್ದ ರಟ್ಟು ಹಲಗೆಗೆ ಅಂಟಿಕೊಂಡಿತ್ತು. ಚಾಕುವಿನಿಂದ ಮೆಲ್ಲಗೆ ಎಬ್ಬಿಸಿ ತಿರುಗಿಸಿದೆ. ದಪ್ಪ ಕಪ್ಪು ಮಾರ್ಕರಿನ ಅಕ್ಷರಗಳು. ಮೇಲೆ ತಮಿಳಿನಲ್ಲಿ, ಕೆಳಗೆ ಸಿಂಹಳದಲ್ಲಿ: ಅನುರಾಧಪುರ.

ಆ ಅಕ್ಷರ ಬರೆದವಳು ನಾನು. ಅದನ್ನು ಜಾಡಿಯ ಕೆಳಗೆ ಇಟ್ಟವಳೂ ನಾನೇ.

ಹೋದ ವರ್ಷದ ಹುಣಸೆ ಕಾಲದಲ್ಲಿ ನಾನು ಸಮುದ್ರ ದಾಟಬೇಕಾಗಿತ್ತು. ಸುಜಾತಕ್ಕನ ಜೊತೆ. ಅವರು ದೊಡ್ಡೇರಿ ಕಡೆಯವರು. ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ನಮ್ಮ ಹಿಂದಿನ ಬಡಾವಣೆಯಲ್ಲಿ ಒಬ್ಬರೇ ಬಾಡಿಗೆಗಿದ್ದರು. ಬೆಳಗಿನ ಹೊತ್ತು ಬೆಟ್ಟದ ಬುಡದ ರಸ್ತೆಯಲ್ಲಿ ನಡೆಯುವಾಗ ಪರಿಚಯ. ನನಗಿಂತ ಮೂರು ವರ್ಷ ದೊಡ್ಡವರು, ಹಾಗಾಗಿ ಅಕ್ಕ ಎಂದು ಕರೆಯುತ್ತಿದ್ದೆ. ಅವರಿಗೆ ನಾನು ಬರೀ ಶೈಲಾ. ಲೆಕ್ಕದ ಟೀಚರಾದರೂ ಹೆಜ್ಜೆಗೆ ಲೆಕ್ಕವಿರುತ್ತಿರಲಿಲ್ಲ. ಮಾತು ರಂಗೇರಿದರೆ ನಡುರಸ್ತೆಯಲ್ಲೇ ನಿಂತುಬಿಡುತ್ತಿದ್ದರು, ಹಾರ್ನ್ ಮಾಡಿದವರನ್ನು ಕ್ಲಾಸಿನ ಹುಡುಗರನ್ನು ನೋಡಿದ ಹಾಗೆ ಕನ್ನಡಕದ ಮೇಲಿಂದ ನೋಡುತ್ತಿದ್ದರು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ, "ನೀನು ಕಾನ್ವೆಂಟಲ್ಲಿ ಓದಿದೋಳಲ್ವಾ ಶೈಲಾ, ಇದನ್ನ ಓದಿ ಹೇಳು," ಎಂದು ಫೋನ್ ಕೊಟ್ಟರು. ಯಾರೋ ಪರದೇಶದವರು ಬರೆದದ್ದು. ಗೊತ್ತಿಲ್ಲದ ದೇಶದಲ್ಲಿ ದಾರಿಹೋಕರ ಗಾಡಿಗೆ ಕೈ ಅಡ್ಡ ಹಾಕಿ ಊರಿಂದೂರಿಗೆ ಹೋಗುವುದು ಹೇಗೆ, ನಡುವೆ ಸಮುದ್ರ ಬಂದರೆ ಏನು ಮಾಡಬೇಕು ಎಂಬ ವಿವರ. ನಾನು ನಕ್ಕೆ. "ಎಲ್ಲಿಗಕ್ಕ ಹೊರಟಿರಿ?"

"ಅನುರಾಧಪುರಕ್ಕೆ. ಬೋಧಿಮರ ನೋಡೋಕೆ. ನಾಗಪಟ್ಟಣದಿಂದ ಲಂಕೆಗೆ ಹಡಗು ಬಿಟ್ಟಿದಾರಂತೆ."

ಸುಜಾತಕ್ಕನ ಮನೆಯವರು ಬೌದ್ಧರು. ಅವರ ಅಪ್ಪನ ಕಾಲಕ್ಕೇ ದೀಕ್ಷೆ ತೆಗೆದುಕೊಂಡವರು. ಅದು ನನಗೆ ಮೊದಲ ವಾರದಲ್ಲೇ ಗೊತ್ತಿತ್ತು, ಅವರೇ ಹೇಳಿದ್ದರು. ದೀಕ್ಷೆಗೆ ಮುಂಚೆ ಊರಿನ ಯಾವ ಕೇರಿಯಲ್ಲಿದ್ದರು ಎಂಬುದನ್ನೂ ಮುಚ್ಚಿಟ್ಟಿರಲಿಲ್ಲ. ನಾನು ಆಗ ತುಂಬ ಸಹಜವಾಗಿ ತಲೆಯಾಡಿಸಿದ್ದೆ. ತುಮಕೂರಿನ ಕಾನ್ವೆಂಟಿನ ಸಿಸ್ಟರುಗಳು ಯಾರ ಜಾತಿಯನ್ನೂ ಕೇಳದೆ ಬೆಳೆಸಿದ ಹುಡುಗಿ ನಾನು ಎಂಬ ಜಂಬ ನನಗಿತ್ತು.

"ಬಸ್ಸಿದೆ, ರೈಲಿದೆ. ಲಿಫ್ಟ್ ಕೇಳ್ಕೊಂಡು ಯಾಕೆ ಹೋಗ್ಬೇಕು?" ಅಂದೆ.

ಅವರು ರಸ್ತೆಯ ಮಧ್ಯೆ ನಿಂತರು. ಅವರ ತಾಯಿ ಚೆನ್ನಮ್ಮ ಮಧುಗಿರಿಯ ಒಂದು ಮಂಡಿಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವ ಕೂಲಿಗೆ ಬರುತ್ತಿದ್ದರಂತೆ. ಸಂಜೆ ಬಸ್ಸು ತಪ್ಪಿದರೆ ದೊಡ್ಡೇರಿ ಕಡೆ ಹೋಗುವ ಲಾರಿಗೆ ಕೈ ಅಡ್ಡ ಹಾಕುವುದು. ಲಾರಿ ನಿಲ್ಲುತ್ತಿತ್ತು. ಡ್ರೈವರ್ ಪಕ್ಕ ಕೂತ ಯಾರಾದರೂ "ಯಾರ್ ಪೈಕಿ?" ಎಂದು ಕೇಳುತ್ತಿದ್ದರು. ಹೇಳಿದರೆ "ಮ್ಯಾಲೆ ಹತ್ತು." ಜೊತೆಗೆ ನಿಂತಿದ್ದ ಬೇರೆ ಹೆಂಗಸರಿಗೆ ಬಾಗಿಲು ತೆರೆಯುತ್ತಿತ್ತು, ಇವರು ಮೂಟೆಗಳ ಮೇಲೆ. ಮಳೆಯಿರಲಿ, ಗಾಳಿಯಿರಲಿ, ಬಸಿರಿಯಾಗಿರಲಿ.

"ನಮ್ಮವ್ವ ಒಂದ್ ದಿನಾನೂ ಲಾರಿ ಒಳಗೆ ಕೂರಲಿಲ್ಲ ಕಣೇ. ಕೂತಿದ್ರೆ ಹೆಂಗಿರುತ್ತೆ ಅಂತ ನನ್ನ ಕೇಳೋಳು. ನಂಗೆ ಬುದ್ಧನ ಹತ್ರ ಹೋಗೋಕೆ ಟಿಕೆಟ್ಟು ದೊಡ್ಡದಲ್ಲ. ಕೈ ಅಡ್ಡ ಹಾಕ್ಬೇಕು. ಗಾಡಿ ನಿಲ್ಬೇಕು. ಕೇಳಿದ್ರೆ ನಾನು ಯಾರು ಅಂತ ಹೇಳ್ಬೇಕು. ಹೇಳಿದ್ಮೇಲೂ ಒಳಗೇ ಕೂರಿಸ್ಕೋಬೇಕು. ಅಷ್ಟು ದಾರಿ ಹಂಗೇ ಹೋಗ್ಬೇಕು, ಅಷ್ಟೇ."

ನನ್ನ ಕಣ್ಣಲ್ಲಿ ನೀರು ಬಂತು. ಸುಲಭವಾಗಿ ಬರುವ ನೀರು. "ನಾನೂ ಬರ್ತೀನಕ್ಕ," ಅಂದೆ.

ಆ ತಿಂಗಳೆಲ್ಲ ನಾನು ಮತ್ತೆ ಶಾಲೆಯ ಹುಡುಗಿಯಾಗಿದ್ದೆ. ನೂರು ಪುಟದ ಒಂದು ನೋಟ್‌ಬುಕ್ ತಂದು, ಮಾರ್ಜಿನ್ ಎಳೆದು, ಓದಿದ್ದನ್ನೆಲ್ಲ ಕನ್ನಡದಲ್ಲಿ ಬರೆಯತೊಡಗಿದೆ. ಸುಜಾತಕ್ಕನ ಮಾತಿನಂತೆ ಕ್ರಮಸಂಖ್ಯೆ ಹಾಕಿ. ಮೊದಲನೆಯದು ನಾನೇ ಯೋಚಿಸಿ ಬರೆದದ್ದು: ಇಬ್ಬರು ಹೊರಟಾಗ, ಒಬ್ಬರಿಗೆ ಗಾಡಿ ಸರಿಬರದಿದ್ದರೆ ಇಬ್ಬರೂ ಇಳಿಯಬೇಕು. ಕಾರಣ ಆಮೇಲೆ ಕೇಳಬೇಕು. ಅದರ ಕೆಳಗೆ ಎರಡು ಗೆರೆ ಎಳೆದಿದ್ದೆ.

ಆಮೇಲಿನವು ಓದಿ ತಿಳಿದವು. ಪರದೇಶದವರು ಹೆಬ್ಬೆರಳು ಎತ್ತಿ ಗಾಡಿ ನಿಲ್ಲಿಸುತ್ತಾರಂತೆ ಎಂದಾಗ ಸುಜಾತಕ್ಕ ಬಿದ್ದುಬಿದ್ದು ನಕ್ಕರು. "ನಮ್ ಕಡೆ ಹೆಬ್ಬೆಟ್ಟು ಆಡಿಸಿ ನೋಡು, ಡ್ರೈವರ್ ಇಳಿದ್ ಬಂದು ಕಪಾಳಕ್ಕೆ ಬಿಡ್ತಾನೆ." ಲಂಕೆಯಲ್ಲೂ ನಮ್ಮ ಹಾಗೇ ಅಂಗೈ ಕೆಳಗೆ ಮಾಡಿ ಬೀಸಿದರೆ ಸಾಕು ಎಂದು ಬರೆದುಕೊಂಡೆವು. ತಿರುವಿನಲ್ಲಿ, ಇಳಿಜಾರಿನಲ್ಲಿ ನಿಲ್ಲಬಾರದು. ಗಾಡಿ ತಾನಾಗಿ ನಿಧಾನವಾಗುವ ಕಡೆ, ಉಬ್ಬು ದಾಟಿದ ಮೇಲೆ, ಪಕ್ಕಕ್ಕೆ ನಿಲ್ಲಿಸಲು ಜಾಗವಿರುವಲ್ಲಿ ನಿಲ್ಲಬೇಕು. ಹತ್ತುವ ಮುಂಚೆ ಗಾಡಿಯ ನಂಬರ್ ಮನೆಗೆ ಮೆಸೇಜ್ ಮಾಡಬೇಕು. ಬ್ಯಾಗು ಕಾಲಡಿಯಲ್ಲೇ ಇರಬೇಕು, ಹಿಂದೆ ಎಸೆಯಬಾರದು. ಪಾಸ್‌ಪೋರ್ಟ್ ಬ್ಯಾಗಿನಲ್ಲಲ್ಲ, ಮೈಮೇಲೆ. ಬೆಳಕಿರುವಾಗ ಮಾತ್ರ ಪ್ರಯಾಣ. ವೀಸಾ ಫೋನಿನಲ್ಲೇ ತೆಗೆದುಕೊಳ್ಳಬಹುದು, ಆದರೆ ಕಾಗದದ ಮೇಲೂ ಒಂದು ಪ್ರತಿ ಇರಲಿ.

ಸಮುದ್ರದ್ದು ಬೇರೆಯೇ ಪಾಠ. ಹಡಗು ದಿನಾ ಇರುವುದಿಲ್ಲ, ಗಾಳಿ ಕೆಟ್ಟರೆ ನಿಲ್ಲಿಸುತ್ತಾರೆ. ಆದ್ದರಿಂದ ಈಚೆ ಎರಡು ದಿನ, ಆಚೆ ಎರಡು ದಿನ ಕೈಯಲ್ಲಿ ಇಟ್ಟುಕೊಂಡೇ ಹೊರಡಬೇಕು. ಸಾಮಾನು ತೂಕ ಹಾಕುತ್ತಾರೆ, ಹಗುರವಾಗಿ ಹೋಗಬೇಕು. ಹೊಟ್ಟೆ ತೊಳಸದಿರಲು ಶುಂಠಿ. ಬೇರೆ ದೇಶಗಳ ದೊಡ್ಡ ಹಡಗುಗಳಲ್ಲಿ ಕಾರು, ಲಾರಿಗಳೇ ಹಡಗಿನೊಳಗೆ ಹೋಗುತ್ತವಂತೆ. ಅಲ್ಲಿ ಬಂದರಿನ ಗೇಟಿಗೆ ಮುಂಚೆಯೇ ಒಂದು ಗಾಡಿ ಹಿಡಿದರೆ ಅದರೊಳಗೇ ಕೂತು ಆಚೆ ದಡಕ್ಕೆ ಇಳಿಯಬಹುದಂತೆ. ನಮ್ಮದು ಚಿಕ್ಕ ಹಡಗು, ಜನ ಮಾತ್ರ. ಹಾಗಾಗಿ ನಾನು ಬರೆದೆ: ಆಚೆಯ ಗಾಡಿಯನ್ನು ಆಚೆ ಹೋಗಿ ಹುಡುಕಬಾರದು, ಹಡಗಿನಲ್ಲೇ ಹುಡುಕಬೇಕು. ಅಕ್ಕಪಕ್ಕ ಕೂತವರನ್ನು ಮಾತಾಡಿಸಬೇಕು. ಅವರನ್ನು ಕರೆದೊಯ್ಯಲು ಯಾರಾದರೂ ಬಂದೇ ಬಂದಿರುತ್ತಾರೆ. ದಡ ಮುಟ್ಟಿದ ಮೇಲೆ ಎಲ್ಲರಿಗೂ ಅವಸರ, ಯಾರೂ ಮುಖ ನೋಡುವುದಿಲ್ಲ.

ಬೋರ್ಡಿನ ವಿಷಯವೂ ಇತ್ತು. ದೂರದ ಊರಿನ ಹೆಸರು ಬರೆದರೆ ಯಾರೂ ನಿಲ್ಲಿಸುವುದಿಲ್ಲವಂತೆ, ಮುಂದಿನ ದೊಡ್ಡ ಊರಿನ ಹೆಸರು ಬರೆಯಬೇಕು. ಬಿಸ್ಕತ್ತಿನ ಡಬ್ಬದ ರಟ್ಟು ಕತ್ತರಿಸಿ ಎರಡು ಬೋರ್ಡ್ ಮಾಡಿದೆ. ಮೊದಲನೆಯದು ವವುನಿಯಾ. ಅಲ್ಲಿಗೆ ತಲುಪಿದ ಮೇಲೆ ತೆಗೆಯುವುದಕ್ಕೆ ಅನುರಾಧಪುರ. ಸಿಂಹಳದ ಅಕ್ಷರಗಳು ನಮ್ಮ ಅಕ್ಷರಗಳ ತಂಗಿಯರ ಹಾಗೆ ದುಂಡಗಿದ್ದವು. ಫೋನ್ ನೋಡುತ್ತ, ನಾಲಿಗೆ ಕಚ್ಚಿಕೊಂಡು ಒಂದೊಂದೇ ತಿದ್ದಿದೆ. "ಏನ್ ಅಕ್ಷರ ಮಾರಾಯ್ತಿ! ಹಡಗಿನ ಕ್ಯಾಪ್ಟನ್ನೇ ಇಳಿದ್ ಬಂದು ಕಾರಲ್ಲಿ ಬಿಟ್ ಬರ್ತಾನೆ," ಎಂದರು ಸುಜಾತಕ್ಕ.

ಈ ಕೆಲಸಕ್ಕೆ ಅವರು ಭಾನುವಾರಗಳಲ್ಲಿ ನಮ್ಮ ಮನೆಗೆ ಬರುತ್ತಿದ್ದರು. ಮೊದಲ ಭಾನುವಾರವೇ ಎದುರುಮನೆ ಜಯಮ್ಮ ಗೇಟಿನ ಹತ್ತಿರ ಬಂದು, "ಯಾರಮ್ಮ ಬಂದಿರೋರು? ನಮ್ಮೋರಾ?" ಎಂದು ಕೇಳಿದಳು. ಜಯಮ್ಮ ಕೆಟ್ಟವಳಲ್ಲ. ಕೇಳುವುದು ಅವಳಿಗೆ ಉಸಿರಾಡಿದ ಹಾಗೆ. ಸುಜಾತಕ್ಕ ಒಳಗೆ ಕೂತು ರಟ್ಟು ಕತ್ತರಿಸುತ್ತಿದ್ದರು. ಕತ್ತರಿಯ ಸದ್ದು ನನಗೆ ಕೇಳಿಸುತ್ತಿತ್ತು. ನಾನು ದನಿ ತಗ್ಗಿಸಿ, "ಹ್ಞೂಂ, ನಮ್ ದೊಡ್ಡಮ್ಮನ ಮಗಳು," ಅಂದೆ. ಊಟದ ಹೊತ್ತಿಗೆ ನಮ್ಮವರು ಅದನ್ನೇ ಕೇಳಿದಾಗ ಅದನ್ನೇ ಹೇಳಿದೆ. ಯಾರಿಗೂ ನೋವಾಗದಂತೆ ಒಂದು ಬಾಗಿಲು ತೆರೆದಿಟ್ಟೆ ಎಂದುಕೊಂಡೆ. ಸುಜಾತಕ್ಕ ನನ್ನ ಲೋಟದಲ್ಲೇ ಕಾಫಿ ಕುಡಿದರು, ಅಡುಗೆಮನೆಯೊಳಗೆ ಬಂದು ತೊಳೆದಿಟ್ಟರು. ನನಗೆ ನನ್ನ ಬಗ್ಗೆ ಎಷ್ಟು ಹೆಮ್ಮೆಯಾಯಿತೆಂದರೆ!

ಇನ್ನೊಂದು ಭಾನುವಾರ ಜಗುಲಿಯಲ್ಲಿ ಹುಣಸೆಹಣ್ಣು ಹರಡಿಕೊಂಡು ಕೂತಿದ್ದೆ. ಸುಜಾತಕ್ಕ ಸೆರಗು ಸಿಕ್ಕಿಸಿ ಕೂತರು. ಓಡು ಉದುರಿಸಿ, ನಾರು ಎಳೆದು, ಹೆಬ್ಬೆರಳಿನಿಂದ ಒಮ್ಮೆ ಒತ್ತಿದರೆ ಬೀಜ ಪಟಪಟನೆ ಗೋಣಿಯ ಆಚೆಗೆ ಬೀಳುತ್ತಿತ್ತು. ನಾನು ಒಂದು ಹಣ್ಣು ಬಿಡಿಸುವಷ್ಟರಲ್ಲಿ ಅವರದು ಐದು. ಜಯಮ್ಮ ಬಾಯಿ ಬಿಟ್ಟುಕೊಂಡು ನೋಡಿದಳು. "ಅಬ್ಬಬ್ಬ, ಏನ್ ಬೆರಳು ಕಣಮ್ಮ! ಎಲ್ ಕಲ್ತ್ರಿ?"

ಸುಜಾತಕ್ಕ ತಲೆಯೆತ್ತುವ ಮುಂಚೆ ನಾನು, "ದೊಡ್ಡಮ್ಮನ ಮನೇಲೂ ಮರ ಇದಾವೆ," ಎಂದುಬಿಟ್ಟೆ. ಆಗ ಸುಜಾತಕ್ಕ ನನ್ನ ಮುಖವನ್ನು ಒಂದು ಗಳಿಗೆ ನೋಡಿದ್ದರು. ಯಾವ ದೊಡ್ಡಮ್ಮ ಎಂದು ಕೇಳಲಿಲ್ಲ. ಅವತ್ತು ಬೇಗ ಎದ್ದು ಹೋದರು.

ಮಾರ್ಚ್‌ನಲ್ಲಿ ಅಭ್ಯಾಸಕ್ಕೆಂದು ನಮ್ಮ ರಸ್ತೆಗಳಲ್ಲೇ ಗಾಡಿ ಹಿಡಿದೆವು. ಮೊದಲನೆಯದು ಕೊರಟಗೆರೆ ಕಡೆ, ಹೂವಿನ ವ್ಯಾನು. ಸೇವಂತಿಗೆ ಮೂಟೆಗಳ ನಡುವೆ ಮೊಣಕಾಲು ಮಡಿಸಿ ಕೂತು ಹೋದೆವು. ಓಡಿಸುತ್ತಿದ್ದವನು ಇಡೀ ದಾರಿ ಫೋನಿನಲ್ಲಿ ಹೆಂಡತಿಯ ಜೊತೆ ಜಗಳವಾಡುತ್ತಿದ್ದ, ನಮ್ಮನ್ನು ಏನೂ ಕೇಳಲಿಲ್ಲ. ಎರಡನೆಯದು ಶಿರಾ ಕಡೆ. ಕಡಲೆಕಾಯಿ ಮೂಟೆ ಹೇರಿದ ಟೆಂಪೋ, ಬಿಳಿ ಗಡ್ಡದ ಸಾಬರು. "ಬೈಠೋ ಆಪಾ, ಬೈಠೋ," ಎಂದು ಸೀಟಿನ ಧೂಳನ್ನು ಹೆಗಲ ಟವಲಿನಿಂದ ಒರೆಸಿಕೊಟ್ಟರು. ಒಂದು ಹಿಡಿ ಹಸಿ ಕಡಲೆಕಾಯಿ ಸುಜಾತಕ್ಕನ ಸೆರಗಿಗೆ ಹಾಕಿ ಕೇಳಿದ್ದು ಒಂದೇ: "ಎಲ್ಲಿ ಇಳೀಬೇಕು?" ಇಳಿದ ಮೇಲೆ ಸುಜಾತಕ್ಕ ಒಂದು ಕಡಲೆಕಾಯಿ ಸುಲಿದು ಬಾಯಿಗೆ ಹಾಕಿಕೊಂಡರು. ಆಮೇಲೆ, "ಯಾರೂ ಕೇಳ್ಲೇ ಇಲ್ವಲ್ಲೇ," ಎಂದರು. ಅದರಲ್ಲಿ ಸಂತೋಷವೂ ಇತ್ತು, ಉತ್ತರ ಕಲಿತುಕೊಂಡು ಹೋದ ಪ್ರಶ್ನೆ ಬಾರದಿದ್ದಾಗಿನ ನಿರಾಸೆಯೂ ಇತ್ತು.

ಮೂರನೆಯದು ಹುಣಸೆಹಣ್ಣಿನ ಲಾರಿ. ಅದು ಬರೀ ಅಭ್ಯಾಸವಲ್ಲ. ಸೇಲಂ ಕಡೆಯ ಸೆಲ್ವಂ ಎಂಬ ಡ್ರೈವರ್ ಮಧುಗಿರಿಯಲ್ಲಿ ಲೋಡು ಮಾಡಿ, ಕೊಡಿಗೇನಹಳ್ಳಿಯ ಮೇಲೆ ಹಿಂದೂಪುರಕ್ಕೆ ಹೋಗಿ, ಅಲ್ಲಿಂದ ತಮಿಳುನಾಡಿಗೆ ಇಳಿಯುತ್ತಿದ್ದ. ಪರೀಕ್ಷೆ ಮುಗಿದ ಮೇಲಿನ ಟ್ರಿಪ್ಪಿನಲ್ಲಿ ನಮ್ಮಿಬ್ಬರನ್ನೂ ಕರೆದೊಯ್ಯಲು ಒಪ್ಪಿದ್ದ. ನನ್ನ ಪಾಸ್‌ಪೋರ್ಟ್ ಬಂದಿತ್ತು. ನಮ್ಮವರಿಗೆ ಟೀಚರುಗಳ ಟೂರು ಎಂದು ಹೇಳಿದ್ದೆ. "ಬೆಂಗಳೂರಿಗೆ ಹೋಗೋಷ್ಟರಲ್ಲಿ ವಾಂತಿ ಮಾಡ್ಕೋತೀಯ, ಹಡಗಂತೆ ಹಡಗು," ಎಂದು ನಕ್ಕು ಒಪ್ಪಿದ್ದರು. ಇನ್ನು ಉಳಿದಿದ್ದು ಲಾರಿಯಲ್ಲಿ ಕೊಡಿಗೇನಹಳ್ಳಿವರೆಗೆ ಒಮ್ಮೆ ಕೂತು ನೋಡುವುದು ಮಾತ್ರ.

ಮಧ್ಯಾಹ್ನದ ಬಿಸಿಲು. ಸೆಲ್ವಂ ಬಾಗಿಲು ತೆರೆದು, "ವಾಂಗಕ್ಕಾ," ಎಂದು ಕೈ ಕೊಟ್ಟ. ಸುಜಾತಕ್ಕ ಮೆಟ್ಟಿಲ ಮೇಲೆ ಕಾಲಿಟ್ಟು ಒಂದು ಕ್ಷಣ ನಿಂತರು. ಹಿಂದೆ, ಮೇಲೆ, ಮೂಟೆಗಳತ್ತ ನೋಡಿದರು. ಆಮೇಲೆ ಒಳಗೆ ಬಂದು ಸೀಟಿನ ಮೇಲೆ ಅಂಗೈ ಆಡಿಸಿದರು. "ಹಿಂಗಿರುತ್ತೆ ನೋಡವ್ವ," ಎಂದು ತಮಗೇ ಹೇಳಿಕೊಂಡರು. ನಾನು ಕೇಳಿಸಿಕೊಂಡೆ.

ಲಾರಿ ಇನ್ನೇನು ಹೊರಡಬೇಕು, ಮಂಡಿಯ ಯಜಮಾನ ರಂಗಪ್ಪನವರು ಕೈ ಅಡ್ಡ ಹಾಕಿದರು. ಹಿಂದೂಪುರದ ಮಾರ್ಕೆಟ್ಟಿಗೆ ಹೊರಟಿದ್ದರು. ಊರಿನ ಕಡೆಯಿಂದ ನಮ್ಮವರಿಗೆ ಪರಿಚಯ. ಹತ್ತಿ ನಮ್ಮ ಪಕ್ಕದಲ್ಲೇ ಕೂತು ನನ್ನನ್ನು ಗುರುತು ಹಿಡಿದರು.

"ಓ, ನೀವಾ ತಾಯಿ! ಲಾರೀಲಿ ಹೊಂಟಿದ್ದೀರಲ್ಲ, ಕಾರೇನಾತು?"

"ರಿಪೇರಿಗೆ ಬಿಟ್ಟಿದೀವಿ," ಅಂದೆ.

"ಇವ್ರು?"

"ನಮ್ಮಕ್ಕ."

"ಅಂದ್ರೆ, ಯಾರ್ ಪೈಕಿ?"

ಸುಜಾತಕ್ಕನ ಮುಖ ಆಗ ಹೇಗಿತ್ತೆಂದು ನನಗೆ ಇವತ್ತೂ ಕಣ್ಣಿಗೆ ಕಟ್ಟಿದಂತಿದೆ. ಗಾಬರಿಯಲ್ಲ. ಕನ್ನಡಕ ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಬೋರ್ಡಿನ ಮುಂದೆ ನಿಂತವರ ಹಾಗೆ ಬಾಯಿ ತೆರೆದರು. ಅವರು ಇಷ್ಟು ದಿನ ಕಾದಿದ್ದ ಪ್ರಶ್ನೆ ಅದು.

"ನಮ್ ದೊಡ್ಡಮ್ಮನ ಮಗಳು. ತುಮಕೂರು ಕಡೆ," ಎಂದೆ ನಾನು. ನಡುವೆ ನುಗ್ಗಿ. ಎರಡು ತಿಂಗಳಿಂದ ಹೇಳಿ ಹೇಳಿ ನಾಲಿಗೆಗೆ ರೂಢಿಯಾಗಿಹೋಗಿತ್ತು.

"ಹಂಗನ್ನಿ, ನಮ್ಮೋರೇ," ಎಂದು ರಂಗಪ್ಪನವರು ಸಡಿಲವಾದರು. ಜೊತೆಗೆ ತಂದಿದ್ದ ಕ್ಯಾನಿನ ಮುಚ್ಚಳಕ್ಕೆ ಮಜ್ಜಿಗೆ ಬಗ್ಗಿಸಿ ಮೊದಲು ಸುಜಾತಕ್ಕನಿಗೇ ಕೊಟ್ಟರು. "ತಗಳಿ, ಬಿಸ್ಲು. ತಪ್ ತಿಳ್ಕಬೇಡಿ, ಈಗಿನ ಕಾಲ್ದಾಗೆ ಕೇಳ್ದಲೇ ಒಳಗೆ ಕೂರಿಸ್ಕಳಂಗಿಲ್ಲ. ಮೊದ್ಲೆಲ್ಲ ನಮ್ ಮಂಡಿ ಹೆಂಗಸ್ರು ಅವ್ರಾಗವ್ರೇ ಮ್ಯಾಲೆ ಹತ್ತೋರು. ಈಗ ಬಾಗ್ಲು ತೆಗೆಯೋದೇ ತಡ, ಸೀದಾ ಸೀಟ್‌ಗೇ ಬಂದ್ಬುಡ್ತ್ವೆ!"

ನಾನು ನಕ್ಕೆ. ಜೋರಾಗಿ ಅಲ್ಲ. ಹಿರಿಯರು ಮಾತಾಡಿದಾಗ ತುಟಿ ಅಗಲಿಸುವ ಆ ಸಭ್ಯ ನಗು, ಕಾನ್ವೆಂಟಿನದು. ಸುಜಾತಕ್ಕ ಅದನ್ನು ನೋಡಿದರು.

"ಗಾಡಿ ನಿಲ್ಸಪ್ಪ," ಅಂದರು.

ಸೆಲ್ವಂ ನಿಲ್ಲಿಸಿದ. ಎರಡೂ ಕಡೆ ಹುಣಸೆಮರ, ಹತ್ತಿರದಲ್ಲಿ ಒಂದು ಮನೆಯಿಲ್ಲ. ಸುಜಾತಕ್ಕ ತುಟಿಗೆ ತಾಗಿಸದ ಮಜ್ಜಿಗೆಯನ್ನು ಚೆಲ್ಲದ ಹಾಗೆ ಡ್ರೈವರನ ಮುಂದೆ ಇಟ್ಟರು. "ಯಜಮಾನ್ರೇ, ನಾನು ಇವ್ರ ದೊಡ್ಡಮ್ಮನ ಮಗಳಲ್ಲ. ಚೆನ್ನಮ್ಮನ ಮಗಳು. ದೊಡ್ಡೇರಿ ಕಡೆಯಿಂದ ನಿಮ್ ಮಂಡಿಗೆ ಹುಣಸೆ ಕುಟ್ಟೋಕ್ ಬರ್ತಿದ್ಳಲ್ಲ, ಆ ಚೆನ್ನಮ್ಮ. ಮ್ಯಾಲೆ ಹತ್ತೋರಲ್ಲಿ ಅವಳೂ ಒಬ್ಬಳು."

ರಂಗಪ್ಪನವರು ಮಜ್ಜಿಗೆಯ ಮುಚ್ಚಳವನ್ನೇ ನೋಡುತ್ತಿದ್ದರು. ಸುಜಾತಕ್ಕ ಇಳಿದು, ನೆಲದ ಮೇಲೆ ನಿಂತು, ನನ್ನ ಕಡೆ ತಿರುಗಿದರು.

"ಇದನ್ನ ಎಷ್ಟ್ ಜನಕ್ಕೆ ಹೇಳಿದೀಯ ಶೈಲಾ?"

ಅವರ ದನಿಯಲ್ಲಿ ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಹಿಂದಕ್ಕೆ, ಮಧುಗಿರಿಯ ಕಡೆಗೆ, ಬಿಸಿಲಲ್ಲಿ ನಡೆಯತೊಡಗಿದರು.

ನನ್ನ ಒಂದು ಚಪ್ಪಲಿ ಸೀಟಿನ ಕೆಳಗೆ ಜಾರಿಹೋಗಿತ್ತು. ಬಗ್ಗಿ, ಕಾಲಿನಿಂದ ತಡಕಿ ಹುಡುಕಿದೆ. ಅದು ಸಿಗಲಿ, ಇಳಿಯುತ್ತೇನೆ ಎಂದುಕೊಂಡೆ. ಚಪ್ಪಲಿ ಸಿಕ್ಕಿತು. ಹಾಕಿಕೊಂಡೆ. ನಾನು ಇಳಿಯಲಿಲ್ಲ.

"ಬುಡಿ ತಾಯಿ, ನೀವೇನ್ ಮಾಡೀರಿ, ಪಾಪ," ಎಂದು ರಂಗಪ್ಪನವರೇ ಬಾಗಿಲು ಎಳೆದುಕೊಂಡರು. "ಯಾರನ್ನೂ ನಂಬಂಗಿಲ್ಲ." ಮಜ್ಜಿಗೆಯನ್ನು ಕಿಟಕಿಯಿಂದ ಆಚೆ ಚೆಲ್ಲಿ, ಮುಚ್ಚಳವನ್ನು ಕ್ಯಾನಿಗೆ ಹಾಕದೆ ಕಾಗದದಲ್ಲಿ ಸುತ್ತಿ ಬೇರೆ ಇಟ್ಟರು. ಪಕ್ಕದ ಕನ್ನಡಿಯಲ್ಲಿ ಸುಜಾತಕ್ಕನ ಹಸಿರು ಸೀರೆ ಚಿಕ್ಕದಾಗುತ್ತ ಹೋಯಿತು. ಅವರು ಒಮ್ಮೆಯೂ ತಿರುಗಿ ನೋಡಲಿಲ್ಲ. ಸೆಲ್ವಂ ಮಾತ್ರ ಕನ್ನಡಿಯನ್ನೂ ನನ್ನನ್ನೂ ಒಂದೆರಡು ಸಲ ನೋಡಿದ. ಕೊಡಿಗೇನಹಳ್ಳಿಯಲ್ಲಿ ಇಳಿಯುವಾಗ ನನಗೆ ಕೈ ಕೊಡಲಿಲ್ಲ.

ರಂಗಪ್ಪನವರ ಫೋನು ನನಗಿಂತ ಮೊದಲು ಮನೆ ಮುಟ್ಟಿತ್ತು. ನಮ್ಮವರು ಕೂಗಾಡಲಿಲ್ಲ. "ಯಾವ ಲೋಟದಲ್ಲಿ ಕೊಡ್ತಿದ್ದೆ?" ಎಂದು ಕೇಳಿದರು. "ನನ್ನದರಲ್ಲಿ," ಅಂದೆ. ಸ್ವಲ್ಪ ಹೊತ್ತಾದ ಮೇಲೆ, "ಬೀದೀಲಿ ಯಾರಿಗೂ ಹೇಳೋಕ್ ಹೋಗ್ಬೇಡ. ದೊಡ್ಡಮ್ಮನ ಮಗಳು ಅಂದಿದೀಯಲ್ಲ, ಹಂಗೇ ಇರ್ಲಿ," ಎಂದರು. ಹಾಗೇ ಇತ್ತು. ಆ ಲೋಟ ಮಾತ್ರ ಮಾರನೆಯ ದಿನ ಸ್ಟ್ಯಾಂಡಿನಲ್ಲಿರಲಿಲ್ಲ. ಎಲ್ಲಿ ಹೋಯಿತೆಂದು ನಾನೂ ಕೇಳಲಿಲ್ಲ.

ನಾನು ಬೆಳಗಿನ ವಾಕಿಂಗ್ ಬಿಟ್ಟೆ. ಮಂಡಿನೋವು ಎಂದು ಹೇಳಿದೆ. ಎರಡು ವಾರ ಕಳೆದ ಮೇಲೆ ನೋಟ್‌ಬುಕ್ಕನ್ನೂ ವವುನಿಯಾದ ಬೋರ್ಡನ್ನೂ ಕವರಿನಲ್ಲಿ ಹಾಕಿ ಶಾಲೆಯ ವಿಳಾಸಕ್ಕೆ ಪೋಸ್ಟ್ ಮಾಡಿದೆ. ಪತ್ರ ಬರೆಯಲು ಕೂತೆ. ಕ್ಷಮಿಸಿ ಎಂದು ಇಂಗ್ಲಿಷಿನಲ್ಲಿ ಬರೆದರೆ ಹಗುರವೆನಿಸಿತು, ಕನ್ನಡದಲ್ಲಿ ಬರೆಯಲು ಧೈರ್ಯವಾಗಲಿಲ್ಲ. ಏನೂ ಬರೆಯದೆ ಕಳಿಸಿದೆ. ಅನುರಾಧಪುರದ ಬೋರ್ಡು ಕವರಿಗೆ ಹಿಡಿಸಲಿಲ್ಲ. ಹಿಡಿಸಲಿಲ್ಲ ಎಂದು ಹೇಳಿಕೊಂಡೆ. ಅದನ್ನು ಎಸೆಯಲೂ ಆಗದೆ, ಕಣ್ಣೆದುರು ಇಡಲೂ ಆಗದೆ, ಆ ವರ್ಷದ ಹುಣಸೆ ತುಂಬಿದ ಜಾಡಿಯ ಕೆಳಗೆ ಮಗುಚಿ ಹಾಕಿದೆ.

ಶಾಲೆ ಶುರುವಾದ ಮೇಲೆ, ಜೂನಿನಲ್ಲಿ, ನೋಟ್‌ಬುಕ್ ಅದೇ ಕವರಿನಲ್ಲಿ ವಾಪಸ್ ಬಂತು. ಸುಜಾತಕ್ಕ ಹೋಗಿ ಬಂದಿದ್ದರು. ಒಬ್ಬರೇ. ನಾನು ಬರೆದ ಪ್ರತಿಯೊಂದು ಸಾಲಿನ ಪಕ್ಕ, ಮಾರ್ಜಿನ್ನಿನಲ್ಲಿ, ಕೆಂಪು ಇಂಕಿನಲ್ಲಿ ತಿದ್ದಿದ್ದರು. ಮಕ್ಕಳ ಉತ್ತರಪತ್ರಿಕೆ ತಿದ್ದುವ ಹಾಗೆ.

ಅಂಗೈ ಬೀಸುವುದಕ್ಕೆ ರೈಟು. ಉಬ್ಬಿನ ಆಚೆ ನಿಲ್ಲುವುದಕ್ಕೆ ರೈಟು. ಶುಂಠಿಗೆ ತಪ್ಪು: "ವಾಂತಿಯಾಯಿತು. ಪಕ್ಕದವರು ನಿಂಬೆಹಣ್ಣು ಕೊಟ್ಟರು, ಅದೇ ವಾಸಿ." ಎರಡು ದಿನ ಕೈಯಲ್ಲಿರಬೇಕು ಎಂಬುದಕ್ಕೆ ರೈಟು: "ಮೂರು ದಿನ ಕಾದೆ." ಹಡಗಿನಲ್ಲೇ ಗಾಡಿ ಹುಡುಕಬೇಕು ಎಂಬುದಕ್ಕೆ ಎರಡು ರೈಟು: "ಸೀರೆ ವ್ಯಾಪಾರದ ತಾಯಿ, ಮಗಳು. ಅವರ ವ್ಯಾನಿನಲ್ಲಿ ಯಾಳ್ಪಾಣ ಪಟ್ಟಣದವರೆಗೆ." ಬೋರ್ಡಿನ ಪಕ್ಕ: "ಎರಡನೆಯದು ನಿಮ್ಮಲ್ಲೇ ಉಳಿಯಿತು. ವವುನಿಯಾದ ಬೋರ್ಡಿನ ಹಿಂಬದಿಗೆ ಒಬ್ಬ ಅಂಗಡಿಯವನಿಂದ ಬರೆಸಿಕೊಂಡೆ." ಅಲ್ಲಿಯವರೆಗೆ 'ನೀನು' ಎಂದವರು 'ನಿಮ್ಮಲ್ಲೇ' ಎಂದು ಬರೆದಿದ್ದರು.

'ಯಾರೆಂದು ಕೇಳಿದರೆ ಊರಿನ ಹೆಸರು ಸಾಕು, ಹೆಚ್ಚು ಹೇಳಬಾರದು' ಎಂದು ನಾನು ಬರೆದಿದ್ದ ಸಾಲಿಗೆ ದೊಡ್ಡದೊಂದು ತಪ್ಪು ಗುರುತು. ಪಕ್ಕದಲ್ಲಿ ಸಣ್ಣ ಅಕ್ಷರ: "ಕೇಳಿದರು. ಸಮುದ್ರ ದಾಟಿದರೂ ಕೇಳುವವರಿದ್ದಾರೆ. ವ್ಯಾನಿನಲ್ಲಿ ಸೀರೆಯಮ್ಮನ ಅಣ್ಣ, ವಯಸ್ಸಾದವರು. ಹೇಳಿದೆ, ಎಲ್ಲವನ್ನೂ. ಅವರು ಆಮೇಲೆ ಮಾತಾಡಲಿಲ್ಲ. ಆದರೆ ಇಳಿಸಲಿಲ್ಲ."

ಮೊದಲ ಪುಟದ ಮೊದಲ ಸಾಲು, ನಾನೇ ಯೋಚಿಸಿ ಬರೆದದ್ದು, ಎರಡು ಗೆರೆ ಎಳೆದದ್ದು, ಅದರ ಪಕ್ಕ ಮಾತ್ರ ಏನೂ ಇರಲಿಲ್ಲ. ರೈಟೂ ಇಲ್ಲ, ತಪ್ಪೂ ಇಲ್ಲ. ಬರೆಯದೆ ಬಿಟ್ಟ ಉತ್ತರಕ್ಕೆ ಬಿಡುವ ಹಾಗೆ ಖಾಲಿ.

ಆ ವರ್ಷವೇ ಅವರು ಪಾವಗಡದ ಕಡೆಗೆ ವರ್ಗ ಮಾಡಿಸಿಕೊಂಡು ಹೋದರೆಂದು ಕೇಳಿದೆ. ಪಾವಗಡ ಎಷ್ಟು ದೂರ? ದಿನಾ ಬಸ್ಸಿದೆ. ಕೈ ಅಡ್ಡ ಹಾಕಿದರೆ ಲಾರಿಗಳೂ ಇವೆ. ನನ್ನ ಪಾಸ್‌ಪೋರ್ಟ್ ಬೀರುವಿನಲ್ಲಿದೆ. ಅದರಲ್ಲಿ ಒಂದು ಮುದ್ರೆಯೂ ಇಲ್ಲ.

ಇವತ್ತು ಇಡೀ ಮಧ್ಯಾಹ್ನ ಒಬ್ಬಳೇ ಕೂತು ಹುಣಸೆಹಣ್ಣು ಬಿಡಿಸಿದೆ. ರಟ್ಟು ಪಕ್ಕದಲ್ಲೇ ಇತ್ತು. ಸಂಜೆ ಬಿಸಿಲು ತಗ್ಗಿದ ಮೇಲೆ ಜಯಮ್ಮ ಬಂದು ನನ್ನೆದುರು ಕಾಲು ಚಾಚಿ ಕೂತಳು. ಬೀಜಗಳನ್ನು ಗುಡ್ಡೆ ಮಾಡಲು ಏನಾದರೂ ಬೇಕೆಂದು ಅತ್ತಿತ್ತ ನೋಡಿ, ಆ ರಟ್ಟನ್ನೇ ತೆಗೆದುಕೊಂಡಳು. ಅಕ್ಷರಗಳನ್ನು ತಿರುಗಾಮುರುಗಾ ಮಾಡಿ ನೋಡಿದಳು.

"ಇದೇನಮ್ಮ, ಜಿಲೇಬಿ ಸುತ್ತಿದಂಗೆ ಬರ್ದೈತೆ?"

"ಒಂದೂರಿನ ಹೆಸರು."

"ಹೋಗಿದ್ರಾ?"

"ಇಲ್ಲ," ಅಂದೆ. ಇವತ್ತು ಹೇಳಬಹುದಿತ್ತು. ಮನೆಯಲ್ಲಿ ನಮ್ಮವರಿರಲಿಲ್ಲ, ಬೀದಿಯಲ್ಲಿ ಜನರಿರಲಿಲ್ಲ. ಹುಣಸೆಯ ಅಂಟು ಹಿಡಿದ ಬೆರಳುಗಳನ್ನು ಒಂದಕ್ಕೊಂದು ಉಜ್ಜಿಕೊಳ್ಳುತ್ತ, ಮಾತನ್ನು ಎಲ್ಲಿಂದ ಶುರುಮಾಡಲಿ ಎಂದು ಹುಡುಕುತ್ತಿದ್ದೆ, ಅವತ್ತು ಚಪ್ಪಲಿ ಹುಡುಕಿದ ಹಾಗೆ.

ಜಯಮ್ಮ ರಟ್ಟಿನಿಂದ ಬೀಜಗಳನ್ನು ಒಂದು ಕಡೆಗೆ ಬಾಚಿದಳು. "ಅದ್ಸರಿ, ಹೋದ್ ವರ್ಸ ನಿಮ್ ದೊಡ್ಡಮ್ಮನ ಮಗ್ಳು ಬತ್ತಿದ್ರಲ್ಲ, ಕನ್ನಡಕದೋರು, ಅವ್ರ್ಯಾಕಮ್ಮ ಈ ಕಡೀಗೇ ಬರೋದ್ ಬುಟ್ಬುಟ್ರು? ಅವ್ರಿದ್ದಿದ್ರೆ ಈಟೊತ್ತಿಗೆ ಎಲ್ಲಾ ಬುಡಿಸಾಗೋದು ಕಣಮ್ಮ. ಏನೇ ಅನ್ನಿ, ನಮ್ಮೋರು ನಮ್ಮೋರೇ."